ಚಕ್ಕೋತದ ತಲೆ

ರುಸ್ಮಿ ಕದಿಯಬೇಕೆಂದಿದ್ದದ್ದು ಬಂಗಾರವನ್ನಲ್ಲ, ಒಂದು ಭಾನುವಾರವನ್ನು. ಅದೂ ಇಡೀ ಭಾನುವಾರವಲ್ಲ, ಹನ್ನೊಂದೂವರೆಯಿಂದ ಮೂರೂವರೆವರೆಗಿನ ಒಂದು ತುಂಡು. ಕಾನೂನಿನ ಪ್ರಕಾರ ಅದು ಅವಳದೇ. ಆದರೂ ಪ್ರತಿ ತಿಂಗಳ ಕೊನೆಗೆ ಮನೆಯೊಡತಿ ಮೇಡಂ ಗೋ ಒಂದು ಕಾಗದ ತಂದು ಅಡುಗೆಕಟ್ಟೆಯ ಮೇಲಿಡುತ್ತಿದ್ದರು. ರಜೆಗಳನ್ನೆಲ್ಲ ತಾನೇ ಇಷ್ಟಪಟ್ಟು ಮನೆಯಲ್ಲಿ ಕಳೆದೆನೆಂದು ಅದರಲ್ಲಿ ಬರೆದಿರುತ್ತಿತ್ತು. ರುಸ್ಮಿ ಮೀನು ತೊಳೆಯುತ್ತಿದ್ದ ಕೈ ಒರೆಸಿಕೊಂಡು ಸಹಿ ಹಾಕುತ್ತಿದ್ದಳು.

"ಹೊರಗೆ ನಿಂಗೆ ಯಾರಿದಾರೆ ಹೇಳು?" ಎನ್ನುತ್ತಿದ್ದರು ಮೇಡಂ. "ಇಲ್ಲಿ ಫ್ಯಾನಿದೆ, ಅತ್ತೆ ಇದಾರೆ. ನಿನ್ನ ಮನೆ ಥರಾನೇ ಅಲ್ವಾ?"

ಹೊರಗೆ ಅಕ್ಕ ಇದ್ದಳು. ವಿನಾರ್ಸಿಯೂ ಇದೇ ಸಿಂಗಪುರದಲ್ಲಿ, ಹನ್ನೊಂದು ಸ್ಟೇಷನ್ ಆಚೆ, ಬೇರೊಬ್ಬ ಮುದುಕನನ್ನು ನೋಡಿಕೊಳ್ಳುತ್ತಿದ್ದಳು. ರುಸ್ಮಿ ಇಲ್ಲಿಗೆ ಬಂದು ಎರಡು ವರ್ಷ ನಾಲ್ಕು ತಿಂಗಳಾಗಿತ್ತು. ಅಕ್ಕತಂಗಿಯರು ಒಮ್ಮೆಯೂ ಭೇಟಿಯಾಗಿರಲಿಲ್ಲ. ದಿನಾ ರಾತ್ರಿ ಎಂಟರಿಂದ ಒಂಬತ್ತರವರೆಗೆ ಮೇಡಂ ಮೊಬೈಲ್ ಕೈಗೆ ಕೊಡುತ್ತಿದ್ದರು, ಆ ಒಂದು ಗಂಟೆಯಷ್ಟೇ ಮಾತು. ಈಗ ಅಕ್ಕನ ಕರಾರು ಮುಗಿದಿತ್ತು. ಭಾನುವಾರ ಸಂಜೆ ಅವಳು ತಮ್ಮೂರು ಜಾವಾಕ್ಕೆ ಹೊರಡುತ್ತಾಳೆ, ಮತ್ತೆ ಬರುವುದಿಲ್ಲ.

ಅದೇ ಭಾನುವಾರ ಗೋ ದಂಪತಿ ಗಡಿಯಾಚೆ ಜೋಹೋರಿನ ಮದುವೆಯೂಟಕ್ಕೆ ಹೊರಟಿದ್ದರು. ಇಂಥ ಅವಕಾಶ ಇನ್ನೊಮ್ಮೆ ಸಿಗದೆಂದು ರುಸ್ಮಿ ಅದು ತಿಳಿದ ದಿನವೇ ನಿರ್ಧರಿಸಿದಳು.

ಅಡ್ಡಿಗಳು ಮೂರು. ಮೊದಲನೆಯದು ಹೊರಗಿನಿಂದ ಬೀಗ ಬೀಳುವ ಕಬ್ಬಿಣದ ಬಾಗಿಲು. ಎರಡನೆಯದು ಫ್ರಿಜ್ಜಿನ ಮೇಲಿನ ಕ್ಯಾಮೆರಾ. ಮೂರನೆಯದು ಆಮಾ, ಮೇಡಂ ಅವರ ಎಂಬತ್ತನಾಲ್ಕರ ಅತ್ತೆ. ಅವಳನ್ನು ಒಂಟಿಯಾಗಿ ಬಿಟ್ಟು ಹೋಗುವ ಮಾತೇ ಇರಲಿಲ್ಲ.

ಮೂರನೆಯ ಅಡ್ಡಿಯೇ ಮೊದಲನೆಯದನ್ನು ಬಗೆಹರಿಸಿತು. ಆ ಮನೆ ಮೊದಲು ಆಮಾಳದ್ದೇ. ಅದರ ಹಳೆಯ ಕೀಲಿಯೊಂದನ್ನು ಅವಳು ಒಳ‌ಅಂಗಿಗೆ ಪಿನ್ನು ಹಾಕಿ ಇಟ್ಟುಕೊಂಡಿದ್ದಳು.

"ನಾನೂ ಬರ್ತೀನಿ," ಅಂದಳು ಆಮಾ. "ನಾನಿಲ್ದೆ ಕೀಲಿ ಇಲ್ಲ."

ಮೂವತ್ತು ವರ್ಷ ಸಂತೆಯಲ್ಲಿ ಸೋಯಾ ಗಿಣ್ಣು ಮಾರಿದ ಆಮಾಳಿಗೆ ಸಂತೆಯ ಮಲಯ ಭಾಷೆ ಬಾಯಿಪಾಠ, ರುಸ್ಮಿಗೂ ಅದು ಬರುತ್ತಿತ್ತು. ಮೇಡಂಗೆ ಅದರ ಒಂದು ಪದವೂ ಗೊತ್ತಿಲ್ಲ. ಹಾಗಾಗಿ ಕ್ಯಾಮೆರಾದ ಕಣ್ಣಿಗೆ ಗೊಂಬೆ ಕೂರಿಸುವ ಸಂಚು ರೂಪುಗೊಂಡದ್ದು ಊಟದ ಮೇಜಿನಲ್ಲೇ, ಮೇಡಂ ಎದುರಿಗೇ.

"ಗೊಂಬೆಗೆ ಮೈ ಆಯ್ತು. ತಲೆಗೇನು ಮಾಡ್ತೀಯ?" ಆಮಾ ಗಂಜಿ ಹೀರುತ್ತ ಕೇಳಿದಳು.

"ಏನಂತೆ ಅತ್ತೆಗೆ?" ಅಂದರು ಮೇಡಂ.

"ಚಕ್ಕೋತ ತಿನ್ಬೇಕಂತೆ, ಮೇಡಂ."

ಮರುದಿನ ಚಕ್ಕೋತ ಬಂತು. ಆಮಾ ಅದನ್ನು ರುಸ್ಮಿಯ ಕಿವಿಯ ಪಕ್ಕ ಹಿಡಿದು ನೋಡಿದಳು. "ಚಿಕ್ಕದು. ನಿನ್ನ ತಲೆ ಇಷ್ಟು ಪುಟ್ಟದಿಲ್ಲ ಕಣೇ."

"ಹಣ್ಣು ಚಿಕ್ಕದಾಯ್ತಂತೆ, ಮೇಡಂ."

ಮೇಡಂ ನಿಟ್ಟುಸಿರು ಬಿಟ್ಟು, ಮತ್ತೆ ಅಂಗಡಿಗೆ ಹೋಗಿ, ದೊಡ್ಡದನ್ನೇ ಆರಿಸಿ ತಂದರು.

ರುಸ್ಮಿ ಮಲಗುವ ಸಾಮಾನು ಕೋಣೆಯಲ್ಲಿ ಮೂರು ದಿನ ತಾಲೀಮು ನಡೆಯಿತು. ಎರಡು ದಿಂಬು, ಜರುಗದಂತೆ ಒಳಗೊಂದು ಅಕ್ಕಿಚೀಲ, ಮೇಲೆ ಅವಳ ನೀಲಿ ಅಂಗಿ. ಚಕ್ಕೋತಕ್ಕೆ ಅವಳ ಕಂದು ತಲೆವಸ್ತ್ರ. ಗೊಂಬೆ ಆಮಾಳ ಒರಗುಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ, ಕ್ಯಾಮೆರಾಕ್ಕೆ ಬೆನ್ನು ಮಾಡಿ, ಅಜ್ಜಿಯ ಮಾತು ಕೇಳುವವಳಂತೆ ತುಸು ಬಾಗಿರಬೇಕು. ಆಮಾ ಒಂದು ಕಣ್ಣು ಮುಚ್ಚಿ ಕ್ಯಾಮೆರಾದ ಹಾಗೆ ನೋಡಿದಳು.

"ನಿನಗಿಂತ ಇವಳೇ ವಾಸಿ. ಮಾತ್ರೆ ನುಂಗು ಅಂತ ಪೀಡಿಸಲ್ಲ."

ಒರಗುಕುರ್ಚಿಯಲ್ಲಿ ಆಮಾಳ ಬದಲು ಸುತ್ತಿದ ರಜಾಯಿ, ಅದರ ಮೇಲೆ ಅವಳ ಉಣ್ಣೆ ಟೋಪಿ. ಮಧ್ಯಾಹ್ನವೆಲ್ಲ ಅಲ್ಲಾಡದೆ ನಿದ್ದೆ ಹೋಗುವುದು ಆಮಾಳ ವಾಡಿಕೆ, ಅಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಕ್ಯಾಮೆರಾ ಅಗ್ಗದ್ದು, ಆ ಹೊತ್ತಿನದನ್ನು ತೋರಿಸುತ್ತದೆ, ನೆನಪಿಟ್ಟುಕೊಳ್ಳುವುದಿಲ್ಲ. ಗಡಿಯ ತಪಾಸಣೆಯ ಸಾಲಿನಲ್ಲಿ ಮೊಬೈಲ್ ನೋಡುತ್ತ ನಿಲ್ಲಲು ಬಿಡುವುದಿಲ್ಲ. ಗೊಂಬೆಗಳನ್ನು ಕೂರಿಸಲು ಆ ಅರ್ಧ ಗಂಟೆ ಸಾಕು. ಎಲ್ಲಕ್ಕೂ ಉತ್ತರವಿತ್ತು.

ಭಾನುವಾರ ಮೇಡಂ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನೂ ರುಸ್ಮಿಯ ಮೊಬೈಲನ್ನೂ ಕೈಚೀಲಕ್ಕೆ ಸೇರಿಸಿಕೊಂಡು ಹೊರಟರು. ಹನ್ನೊಂದೂವರೆಗೆ ಆಮಾಳ ಗಾಲಿಕುರ್ಚಿ ಲಿಫ್ಟಿನೊಳಗಿತ್ತು.

ಪಾಯಾ ಲೆಬಾರ್ ಸ್ಟೇಷನ್ ಹಿಂದಿನ ಹುಲ್ಲಿನ ಮೇಲೆ ರಜೆಗೆ ಬಂದ ನೂರಾರು ಮನೆಗೆಲಸದ ಹೆಂಗಸರು ಚಾಪೆ ಹಾಸಿಕೊಂಡಿದ್ದರು. ಎಲ್ಲರೂ ಒಟ್ಟಿಗೆ ಜಾವಾದ ಮಾತಾಡುತ್ತಿದ್ದರು. ಇಷ್ಟು ಬಾಯಿಗಳಲ್ಲಿ ತನ್ನ ಭಾಷೆ ಕೇಳಿ ರುಸ್ಮಿಗೆ ಕಿವಿ ಗುಂಯ್ಗುಟ್ಟಿತು. ವಿನಾರ್ಸಿ ಅವಳ ಕೆನ್ನೆ, ಭುಜ, ಮಣಿಕಟ್ಟುಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದಳು.

"ಫೋನಲ್ಲಿ ದಪ್ಪ ಕಾಣ್ತಿದ್ದೆಯಲ್ಲೇ!"

"ಬರೀ ಮುಖ ತೋರಿಸ್ತಿದ್ದೆ, ಅಕ್ಕ."

ಆಮಾಗೆ ಯಾರೋ ಖಾರದ ಕಡಲೆಕಾಯಿ ಕೊಟ್ಟರು. ಇನ್ಯಾರೋ ಅವಳ ಉಗುರಿಗೆ ಕೆಂಪು ಬಣ್ಣ ಹಚ್ಚಿದರು. ಹೊರಡುವಾಗ ಅಕ್ಕತಂಗಿಯರು ಒಬ್ಬರನ್ನೊಬ್ಬರು ಬಿಡಲೇ ಇಲ್ಲ. "ವಿಮಾನ ನನ್ನ ಸೊಸೇನಾ, ಕಾಯಕ್ಕೆ?" ಎಂದು ಆಮಾ ಗದರಿದ ಮೇಲೇ ಬಿಟ್ಟದ್ದು.

ಮೂರೂವರೆಗೆ ಸರಿಯಾಗಿ ಲಿಫ್ಟು ಹನ್ನೊಂದನೆಯ ಮಹಡಿಗೆ ಬಂತು. ಮನೆಯ ಕಬ್ಬಿಣದ ಬಾಗಿಲನ್ನು ಕಿತ್ತು ಗೋಡೆಗೆ ಒರಗಿಸಿದ್ದರು. ಒಳಗೆ ಸ್ಟ್ರೆಚರ್ ಬಿಚ್ಚಿಟ್ಟಿದ್ದರು. ಆಂಬುಲೆನ್ಸಿನ ಹೆಂಗಸೊಬ್ಬಳು ತಲೆವಸ್ತ್ರ ಸುತ್ತಿದ ಚಕ್ಕೋತವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದಳು.

"ಸತ್ತವಳು ಎಲ್ಲಿ?" ಪೊಲೀಸಿನವನು ಕೇಳಿದ.

"ಯಾರು ಸತ್ತಿದ್ದು, ಸಾರ್?"

"ಆ ಹಣ್ಣು ನಂದು," ಅಂದಳು ಆಮಾ. "ಕೆಳಗಿಡಕ್ಕೆ ಹೇಳು."

ಅಂಗಿ ಸರಿಯಿತ್ತು. ಬೆನ್ನಿನ ಬಾಗು ಸರಿಯಿತ್ತು. ತಲೆಯ ಗಾತ್ರದಲ್ಲಂತೂ ಬೆರಳಷ್ಟೂ ವ್ಯತ್ಯಾಸವಿರಲಿಲ್ಲ. ಎಡವಿದ್ದೆಲ್ಲಿ ಎಂದು ರುಸ್ಮಿ ಯೋಚಿಸುತ್ತಿರುವಾಗಲೇ ಪೊಲೀಸಿನವನ ಫೋನಿನಲ್ಲಿ ಜೋಹೋರಿನಿಂದ ಮೇಡಂ ಅಳುತ್ತಿದ್ದರು. "ಹೌದು ಸಾರ್, ಆಂಬುಲೆನ್ಸ್ ಕರೆಸಿದ್ದು ನಾನೇ. ಮುಕ್ಕಾಲು ಗಂಟೆ ನೋಡ್ದೆ, ಸ್ಟೂಲಿನ ಮೇಲೆ ಹಾಗೇ ಕೂತಿದ್ಲು. ನಮ್ಮನೆಗೆ ಬಂದು ಎರಡು ವರ್ಷ ನಾಲ್ಕು ತಿಂಗಳಾಯ್ತು, ಅವಳು ಕೂತಿದ್ದನ್ನ ನಾನು ಒಂದಿನಾನೂ ನೋಡಿಲ್ಲ. ಪ್ರಾಣ ಹೋಗಿದೆ ಅಂತ್ಲೇ ಅಂದ್ಕೊಂಡೆ!" ಪೊಲೀಸಿನವನು ಮುರಿದ ಬೀಗವನ್ನು ನೋಡಿದ, ರುಸ್ಮಿಯನ್ನು ನೋಡಿದ, ಜೇಬಿನಿಂದ ಪುಸ್ತಕ ತೆಗೆದ. "ಒಂದ್ನಿಮಿಷ ಮೇಡಂ," ಅಂದ, "ಈಗ ಹೇಳಿದ್ರಲ್ಲ, ಅದನ್ನೇ ಇನ್ನೊಂದ್ಸಲ ನಿಧಾನಕ್ಕೆ ಹೇಳಿ, ಬರ್ಕೋತೀನಿ."