ಪಟ್ಟಿಯ ಕೊನೆಯ ಕಾಲಂ

“ಹನ್ನೆರಡು ಫ್ಯಾನ್ ಅಂತಿದೆ ಕಣೇ! ಎಲ್ಲಿದೆ ಹನ್ನೆರಡು?”

ಯಶಿಕಾ ಕಂಪ್ಯೂಟರಿಗೆ ಮೂಗು ತಾಗುವಷ್ಟು ಬಾಗಿದ್ದಳು. ಪಕ್ಕದಲ್ಲಿ ಕುಳಿತ ಮೃದುಲಾ ದುಪಟ್ಟಾದಿಂದ ಬೆವರು ಒರೆಸಿಕೊಂಡಳು. ನಾಗಪುರದ ಏಪ್ರಿಲ್ ಸೆಕೆ. ಲ್ಯಾಬಿನ ಹಳೆಯ ಫ್ಯಾನು ಗಾಳಿಗಿಂತ ಸದ್ದನ್ನೇ ಹೆಚ್ಚು ಮಾಡುತ್ತಿತ್ತು.

ಆರನೇ ಕ್ಲಾಸಿಗೆ ಧನಂಜಯ ಸರ್ ಕೊಟ್ಟ ಪ್ರಾಜೆಕ್ಟ್ ಅದು. ಸರ್ಕಾರ ಶಾಲೆಗಳಿಗೆ ಏನೇನು ಖರೀದಿ ಮಾಡಿದೆ ಎಂಬ ಪಟ್ಟಿಯನ್ನು ಯಾರು ಬೇಕಾದರೂ ನೋಡಲಿ ಎಂದು ವೆಬ್‌ಸೈಟಿನಲ್ಲಿ ಹಾಕಿದ್ದರು. ಅದರಲ್ಲಿ ತಮ್ಮ ಶಾಲೆಯ ಸಾಲುಗಳನ್ನು ಹುಡುಕಿ, ಚಾರ್ಟ್ ಬರೆದು, ಸೋಮವಾರ ತರಬೇಕು.

ಶಾಲೆಗೆ ಹೊಸ ಫ್ಯಾನ್ ಒಂದೂ ಬಂದಿರಲಿಲ್ಲ. ಹೋದ ವಾರವಷ್ಟೇ ಎರಡನೇ ಕ್ಲಾಸಿನ ಪುಟ್ಟ ಹುಡುಗಿಯೊಬ್ಬಳು ಸೆಕೆಗೆ ತಲೆ ತಿರುಗಿ ಬಿದ್ದಿದ್ದಳು.

“ಕೊನೇ ಕಾಲಂ ನೋಡು. ‘ಮಾಲು ಮುಟ್ಟಿದೆ, ಪರಿಶೀಲಿಸಿದೆ’ ಅಂತೆ! ಯಾರಪ್ಪ ಇದು? ಹೆಸರು...”

ಮೃದುಲಾ ಮೌಸ್ ಎಳೆದು ಪಟ್ಟಿಯನ್ನು ಸರ್ರನೆ ಪಕ್ಕಕ್ಕೆ ಸರಿಸಿಬಿಟ್ಟಳು. “ಸಾಕು ನಡಿ. ಬೆಲ್ ಆತು.”

ಬೆಲ್ ಆಗಿರಲಿಲ್ಲ. ಆದರೆ ಅವಳು ಹೆಸರು ಓದಿಯಾಗಿತ್ತು. ಮಧುಸೂದನ ಹೆಬ್ಬಳ್ಳಿ. ಅವಳ ಅಪ್ಪ.

ಅಪ್ಪನಿಗೆ ಸದರ್ ಬಡಾವಣೆಯ ಸರ್ಕಾರಿ ಆಫೀಸಿನಲ್ಲಿ ಖರೀದಿ ವಿಭಾಗದ ಕೆಲಸ. ಮನೆಗೆ ಹೋಗುವ ದಾರಿಯುದ್ದಕ್ಕೂ ಮೃದುಲಾಳ ತಲೆಯಲ್ಲಿ ಒಂದೇ ಪ್ರಶ್ನೆ. ಹನ್ನೆರಡು ಫ್ಯಾನು ಎಲ್ಲಿ ಹೋದವು?

ಮನೆಯ ಬಾಗಿಲಲ್ಲೇ ಅವಳ ಕಾಲು ನಿಂತಿತು. ಮೂಲೆಯಲ್ಲಿ ಟೇಬಲ್ ಫ್ಯಾನ್ ತಿರುಗುತ್ತಿತ್ತು. ಹೊಸದು. ಮಾರ್ಚ್‌ನಲ್ಲಿ ಅಪ್ಪ ತಂದದ್ದು.

ಪಟ್ಟಿಯಲ್ಲಿದ್ದವು ಸೀಲಿಂಗ್ ಫ್ಯಾನ್. ಇದು ಟೇಬಲ್ ಫ್ಯಾನ್. ಅದು ಅವಳಿಗೂ ಗೊತ್ತಿತ್ತು. ಆದರೂ ಅದರ ಗಾಳಿಗೆ ಕೂರದೆ ಒಳಗೆ ಹೋದಳು.

“ಯಾಕ, ಊಟ ಒಲ್ಲೇನ?” ಎಂದು ಅಮ್ಮ ಕೇಳಿದಾಗ, “ಹಸಿವಿಲ್ಲ” ಎಂದಳು.

ಸಂಜೆ ಅಮ್ಮ ತರಕಾರಿಗೆ ಹೋದಾಗ ಮೃದುಲಾ ಫ್ಯಾನಿನ ಪ್ಲಗ್ ತೆಗೆದು, ಅದನ್ನು ತಲೆಕೆಳಗಾಗಿ ತಿರುಗಿಸಿ, ಸರ್ಕಾರದ ಮುದ್ರೆ ಏನಾದರೂ ಇದೆಯೇ ಎಂದು ಹುಡುಕತೊಡಗಿದಳು.

“ಏನ್ ಮಾಡಾಕತ್ತೀ?”

ಅಪ್ಪ! ಕೈಯಲ್ಲಿ ಸ್ಕೂಟರಿನ ಕೀಲಿ. ಬಂದದ್ದೇ ಗೊತ್ತಾಗಿರಲಿಲ್ಲ.

ಮೃದುಲಾಳಿಗೆ ಅಳು ಬಂತು. ಅಳುತ್ತಲೇ ಎಲ್ಲ ಹೇಳಿದಳು. ಪಟ್ಟಿ, ಹನ್ನೆರಡು ಫ್ಯಾನು, ಕೊನೆಯ ಕಾಲಂ.

ಅಪ್ಪ ಬೈಯಲಿಲ್ಲ. ಮೊಬೈಲಿನಲ್ಲಿ ಪಟ್ಟಿ ತೆಗೆದು ನೋಡಿದರು. ಬಹಳ ಹೊತ್ತು ನೋಡಿದರು. ಅವರ ಮುಖ ಸಣ್ಣದಾಯಿತು.

“ಸೈನ್ ನಂದ ಐತಿ,” ಎಂದರು. “ಮಾರ್ಚ್ ಮುಗ್ಯಾಕ ಬಂದಿತ್ತು. ನಲವತ್ತು ಶಾಲೆ ಕಾಗದ ಟೇಬಲ್ ಮ್ಯಾಲೆ. ಅಂಗಡಿಯವ ಫೋನ್ ಮಾಡಿ ‘ಸಾಹೇಬ್, ಮಾಲ್ ಪೋಚಲಾ’ ಅಂದ. ಮುಟ್ಟೇತಿ ಅಂದನಲ್ಲ ಅಂತ ಸೈನ್ ಮಾಡಿಬಿಟ್ಟೆ. ಹೋಗಿ ನೋಡಬೇಕಿತ್ತು. ನೋಡ್ಲಿಲ್ಲ.”

“ಹಂಗಾದ್ರ ಕೊನೇ ಕಾಲಂ ಬಿಟ್ಟು ಚಾರ್ಟ್ ಬರೀಲೇನು? ಯಾರಿಗೂ ಗೊತ್ತಾಗೂದಿಲ್ಲ ಅಪ್ಪಾ.”

ಅಪ್ಪ ಫ್ಯಾನನ್ನು ಎತ್ತಿ ನೆಟ್ಟಗೆ ಇಟ್ಟರು. ಆಮೇಲೆ ತಲೆಯಾಡಿಸಿದರು. “ಬ್ಯಾಡ. ಇದ್ದದ್ದು ಇದ್ದಂಗ ಬರಿ.”

ಮರುದಿನ ಶನಿವಾರ. ಅಪ್ಪ ಮೃದುಲಾಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಂದರು. ಪ್ರಿನ್ಸಿಪಾಲ್ ಮೇಡಂ ಎದುರು ಕೈಕಟ್ಟಿ ನಿಂತು, “ತಪ್ಪು ನನ್ನದೇ, ಮೇಡಂ” ಎಂದರು. ಬಾಗಿಲ ಬಳಿ ನಿಂತ ಮೃದುಲಾ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು. ಅಪ್ಪ ಹಾಗೆ ನಿಂತದ್ದನ್ನು ಅವಳು ಎಂದೂ ಕಂಡಿರಲಿಲ್ಲ.

ಅಲ್ಲಿಂದಲೇ ಅಂಗಡಿಯವನಿಗೆ, ಲಾರಿ ಡ್ರೈವರನಿಗೆ, ಬೇರೆ ಬೇರೆ ಶಾಲೆಗಳಿಗೆ ಫೋನು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಸಿಕ್ಕಿತು. ಪಕ್ಕದ ಊರು ಕಾಮಠಿಯಲ್ಲಿ ಇದೇ ಹೆಸರಿನ ಇನ್ನೊಂದು ಶಾಲೆಯಿತ್ತು. ಡ್ರೈವರ್ ಅಲ್ಲಿ ಇಳಿಸಿದ್ದ. ಅಲ್ಲಿನವರು ಯಾರಾದರೂ ಕೇಳಿಕೊಂಡು ಬರಲಿ ಎಂದು ಡಬ್ಬಿಗಳನ್ನು ಒಡೆಯದೆ ಇಟ್ಟಿದ್ದರು. ಒಂದು ತಿಂಗಳಿಂದ ಯಾರೂ ಕೇಳಿರಲಿಲ್ಲ.

ಸೋಮವಾರ ಮೃದುಲಾ ಬರೆದ ಚಾರ್ಟ್ ಗೋಡೆಗೆ ಏರಿತು. ಎಲ್ಲ ಕಾಲಂಗಳೂ ಇದ್ದವು.

ಯಶಿಕಾ ಓದುತ್ತಾ ಓದುತ್ತಾ ನಿಂತುಬಿಟ್ಟಳು. “ಹೆಬ್ಬಳ್ಳಿ... ನಿಮ್ಮಪ್ಪಾನಾ?”

ಮೃದುಲಾಳ ಕಿವಿ ಬಿಸಿಯಾಯಿತು. “ಹೌದು,” ಎಂದಳು. “ಫ್ಯಾನ್ ಹುಡುಕಿದವ್ರು ಅವ್ರ.” ಆಮೇಲೆ, “ಮೊದ್ಲು ನೋಡಲಾರ್ದ ಸೈನ್ ಮಾಡಿದವ್ರೂ ಅವ್ರ” ಎಂದು ಸೇರಿಸಿದಳು.

ಯಶಿಕಾ ಕಳಚಿಬಂದಿದ್ದ ಚಾರ್ಟಿನ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದಳು.

ಫ್ಯಾನುಗಳು ಬುಧವಾರ ಬಂದವು. ಗುರುವಾರ ಅಪ್ಪನಿಗೆ ಆಫೀಸಿನಿಂದ ನೋಟಿಸೂ ಬಂತು. ಯಾಕೆ ಹೀಗಾಯಿತು, ಬರೆದುಕೊಡಿ ಎಂದು. ಅಪ್ಪ ರಾತ್ರಿ ಊಟ ಅರ್ಧಕ್ಕೇ ಬಿಟ್ಟು ಉತ್ತರ ಬರೆಯಲು ಕುಳಿತರು. ಮುಂದೆ ಏನಾಗುತ್ತದೋ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಮುಂದಿನ ಶನಿವಾರ ಅಪ್ಪ ಕಳಮನಾ ಕಡೆಯ ಒಂದು ಶಾಲೆಗೆ ಹೊರಟರು. ಬೆಂಚು ಬಂದಿವೆಯಂತೆ. ಮೃದುಲಾ ತಾನೂ ಬರುತ್ತೇನೆಂದು ಸ್ಕೂಟರ್ ಹತ್ತಿದಳು.

“ಎಲ್ಲಾ ಬರೋಬರ್ ಐತ್ರಿ ಸಾಹೇಬ್ರ. ಮೂವತ್ತು. ಸೈನ್ ಮಾಡ್ರಿ,” ಎಂದ ಅಲ್ಲಿನ ಕಾವಲುಗಾರ ಬಾಬು, ಸೊಲ್ಲಾಪುರದ ಕಡೆಯವನು.

ಅಪ್ಪ ಬಿಸಿಲಲ್ಲೇ ಒಂದೊಂದು ಬೆಂಚನ್ನೂ ಮುಟ್ಟಿ ಎಣಿಸಿದರು. ಇಪ್ಪತ್ತೊಂಬತ್ತಾಯಿತು. ಎಲ್ಲೋ ತಪ್ಪಿತೆಂದು ಹಣೆ ಒರೆಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದರು.

ಮೃದುಲಾಳಿಗೆ ಬಾಯಾರಿತ್ತು. ಆದರೂ ‘ಜಲ್ದಿ’ ಎನ್ನಲಿಲ್ಲ. ಸಾಲಿನ ಆ ತುದಿಗೆ ಹೋಗಿ, ಅಲ್ಲಿಂದ ತಾನೂ ಎಣಿಸತೊಡಗಿದಳು.