ಮಿಲಿಟರಿ ಗಾಡಿಗೆ ಒಂದು ಚಿಟಿಕೆ

ಹದಿನೇಳು. ಹದಿನೆಂಟು. ಹತ್ತೊಂಬತ್ತು.

ಹಿತ್ತಿಲ ಕಟ್ಟೆಯ ಮೇಲೆ ಕೂತು ಪಂಪಿ ಅಪ್ಪನ ಕಿಕ್ಕುಗಳನ್ನು ಎಣಿಸುತ್ತಿದ್ದಳು. ಇಪ್ಪತ್ತನೆಯದಕ್ಕೆ ಅಪ್ಪನ ಚಪ್ಪಲಿ ಕಾಲಿನಿಂದ ಕಳಚಿ, ಬೇಲಿ ಹಾರಿ, ಪಕ್ಕದ ಮನೆಯ ಹಿತ್ತಿಲಲ್ಲಿ ಬಿತ್ತು. ಮೋಟಾರ್ ಸೈಕಲ್ಲು ಮಾತ್ರ ಒಂದು ಸಲ ಸೀನಲೂ ಇಲ್ಲ.

ಪಕ್ಕದ ಮನೆಯ ಪಕ್ಕೀರಪ್ಪ ಚಪ್ಪಲಿ ಎತ್ತಿಕೊಟ್ಟ. “ಮೈಲಪ್ಪ, ನಮ್ಮ ಎತ್ತು ಕಟ್ಲೇನು? ಹೊಳಲು ತನಕ ಎಳಕೊಂಡು ಹೊಕ್ಕಾವು,” ಎಂದ.

ಬೇರೆ ದಿನವಾಗಿದ್ದರೆ ಅಪ್ಪನೂ ನಗುತ್ತಿದ್ದ. ಇವತ್ತು ಚಪ್ಪಲಿ ಮೆಟ್ಟಿಕೊಂಡು ಮತ್ತೆ ಗಾಡಿಯ ಕಡೆ ತಿರುಗಿದ. ಬೆವರು ಅವನ ಗದ್ದದಿಂದ ತೊಟ್ಟಿಕ್ಕುತ್ತಿತ್ತು.

ಗಾಡಿ ಏಕೆ ಶುರುವಾಗುತ್ತಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅಥವಾ, ಗೊತ್ತಿದೆ ಎಂದು ಅವಳಿಗೆ ಅನಿಸಿತ್ತು.

ಅದು ಪಂಪಿಯ ಅಜ್ಜಿಯ ಕಾಲದ ಗಾಡಿ. ದೊಡ್ಡ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದರಂತೆ. ಆಮೇಲೆ ಯಾರ ಯಾರ ಕೈ ದಾಟಿತೋ, ಕೊನೆಗೆ ಹೊಳಲಿನ ಒಂದು ಕೊಟ್ಟಿಗೆಯಲ್ಲಿ ಹತ್ತು ವರ್ಷ ಬಿದ್ದಿತ್ತು. ಅಪ್ಪ ಅದನ್ನು ಎತ್ತಿನ ಬಂಡಿಯಲ್ಲಿ ತಮ್ಮೂರು ಹಡಗಲಿಗೆ ತಂದಾಗ ಸೀಟಿನ ಕೆಳಗೆ ಮೂರು ಕೋಳಿಮೊಟ್ಟೆ ಸಿಕ್ಕಿದ್ದವು.

ಅಪ್ಪ ದನದ ದವಾಖಾನೆಯಲ್ಲಿ ಕಂಪೌಂಡರ್. ದಿನವೆಲ್ಲ ದನ ಕುರಿಗಳಿಗೆ ಔಷಧ ಕುಡಿಸಿ ಬಂದವನು, ಸಂಜೆ ಹಿತ್ತಿಲಲ್ಲಿ ಗೋಣಿಚೀಲ ಹಾಸಿ ಕೂರುತ್ತಿದ್ದ. ಒಂದೊಂದು ನಟ್ಟನ್ನೂ ಸೀಮೆಎಣ್ಣೆಯಲ್ಲಿ ನೆನೆಸುತ್ತಿದ್ದ. ಪಂಪಿ ಸ್ಯಾಂಡ್ ಪೇಪರ್ ಹಿಡಿದು ತುಕ್ಕು ಉಜ್ಜುತ್ತಿದ್ದಳು. ಹೀಗೆ ಎಂಟು ತಿಂಗಳು. ಹೋದ ಗುರುವಾರ ಸಂಜೆ ಗಾಡಿ ಮೊದಲ ಸಲ ಡಬಡಬ ಎಂದಿತು. ಒಂದು ಚಹಾ ಕುಡಿಯುವಷ್ಟು ಹೊತ್ತು ಓಡಿತು ಕೂಡ. ಓಣಿಯೇ ಬಂದು ನೋಡಿತು.

ಅದು ಒಳ್ಳೆಯ ಹೊತ್ತಿಗೇ ಶುರುವಾಗಿತ್ತು. ದವಾಖಾನೆಗೆ ಹೊಸ ಡಾಕ್ಟರು ಬಂದಿದ್ದರು. ಹನ್ನೆರಡು ಹಳ್ಳಿ ತಿರುಗಿ ಕುರಿಗಳಿಗೆ ಇಂಜೆಕ್ಷನ್ ಹಾಕುವ ಕೆಲಸ ಸ್ವಂತ ಗಾಡಿ ಇದ್ದವರಿಗೆ ಮಾತ್ರ ಎಂದಿದ್ದರು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಗಾಡಿಯ ಸಮೇತ ಬಂದು ನಿಲ್ಲಬೇಕು. ಇಲ್ಲದಿದ್ದರೆ ಸಿರುಗುಪ್ಪಕ್ಕೆ ವರ್ಗ. ಸಿರುಗುಪ್ಪ ಎಂದರೆ ಬಸ್ಸು ಬದಲಿಸಿ ಬದಲಿಸಿ ಹೋಗಬೇಕಾದ ಊರು. ಅಪ್ಪ ತಿಂಗಳಿಗೊಮ್ಮೆ ಬಂದರೆ ಬಂದ.

ಇವತ್ತು ಭಾನುವಾರ ಮಧ್ಯಾಹ್ನ.

ಶುಕ್ರವಾರ ಬೆಳಿಗ್ಗೆ ಪಂಪಿ ಮಾಡಿದ್ದು ಇಷ್ಟೇ. ಅವರ ಮನೆಯಲ್ಲಿ ಹೊಸದೇನು ಬಂದರೂ ಅಜ್ಜಿ ಭರಮಮ್ಮ ಅದಕ್ಕೆ ಮೈಲಾರಲಿಂಗನ ಭಂಡಾರ ಹಚ್ಚುತ್ತಾಳೆ. ಚಿನ್ನದ ಬಣ್ಣದ ಅರಿಶಿನ ಪುಡಿ. ಹುಟ್ಟಿದ ಮರಿಗೆ, ಕುಡುಗೋಲಿಗೆ, ರೇಡಿಯೋಕ್ಕೆ, ಪಂಪಿ ಒಂದನೇ ಕ್ಲಾಸಿಗೆ ಹೋದ ದಿನ ಅವಳ ಪಾಟಿಗೆ, ಎಲ್ಲಕ್ಕೂ. ಗಾಡಿಯ ಹೆಡ್‌ಲೈಟಿಗೂ ಹಚ್ಚಿದ್ದಳು.

ಪಂಪಿ ಯೋಚನೆ ಮಾಡಿದಳು. ಗಾಡಿ ಓಡಿಸುವುದು ಹೆಡ್‌ಲೈಟ್ ಅಲ್ಲ. ಕೆಲಸವೆಲ್ಲ ನಡೆಯುವುದು ಒಳಗೆ. ಹೊರಗೆ ಹಚ್ಚಿದರೆ ಒಳಗಿನದಕ್ಕೆ ಹೇಗೆ ಮುಟ್ಟೀತು? ಅಜ್ಜಿಯ ಭಂಡಾರದ ಚೀಲಕ್ಕೆ ಕೈ ಹಾಕಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುವಿ, ಒಂದು ಚಿಟಿಕೆ ಒಳಗೆ ಉದುರಿಸಿ ಕೈ ಮುಗಿದಿದ್ದಳು.

ಆವತ್ತಿನಿಂದ ಗಾಡಿ ಮಾತಾಡಿಲ್ಲ.

ಅಪ್ಪ ಪ್ಲಗ್ ಬಿಚ್ಚಿ ನೋಡಿದ್ದ. ಕಿಡಿ ಹಾರುತ್ತಿತ್ತು. ಟ್ಯಾಂಕಿನಲ್ಲಿ ಪೆಟ್ರೋಲು ಇತ್ತು. ಹಾಗಾದರೆ ತಪ್ಪು ಇಂಜಿನ್ನಿನದೇ ಎಂದು ತೀರ್ಮಾನಿಸಿ, ಈಗ ನಟ್ಟು ಬಿಚ್ಚುವ ಪಾನಾಗಳ ಡಬ್ಬಿ ತಂದು ಗೋಣಿಚೀಲದ ಮೇಲೆ ಸುರಿದ.

“ತಲಿ ಬಿಚ್ಚತೀನಿ,” ಎಂದ, ತನಗೆ ತಾನೇ ಹೇಳಿಕೊಳ್ಳುವವನಂತೆ.

ಪಂಪಿ ಎದ್ದು ನಿಂತಳು. ಇಂಜಿನ್ನಿನ ತಲೆ ಬಿಚ್ಚಿದರೆ ಅದರಡಿಯ ತೆಳು ಪ್ಯಾಕಿಂಗ್ ಹಾಳಾಗುತ್ತದೆ ಎಂದು ಅಪ್ಪನೇ ಹೇಳಿದ್ದ. ಅದಕ್ಕಾಗಿ ಅವನು ಮೂರು ಸಲ ಹುಬ್ಬಳ್ಳಿಗೆ ಹೋಗಿದ್ದ. ಇನ್ನೊಂದು ಸಿಗುವಷ್ಟರಲ್ಲಿ ಸೋಮವಾರ ಹೋಗಿಬಿಟ್ಟಿರುತ್ತದೆ.

ಹೇಳಿಬಿಡಬೇಕು. ಆದರೆ ಹೇಗೆ? ಬೇವಿನ ನೆರಳಲ್ಲಿ ಅಜ್ಜಿ ಹಣೆತುಂಬ ಭಂಡಾರ ಬಳಿದುಕೊಂಡು ಮೊರದಲ್ಲಿ ಜೋಳ ಕೇರುತ್ತ ಕೂತಿದ್ದಾಳೆ. ಭಂಡಾರ ಹಾಕಿದ್ದಕ್ಕೇ ಗಾಡಿ ಕೆಟ್ಟಿತು ಎಂದರೆ ದೇವರ ಮೇಲೆ ದೂರು ಹೇಳಿದಂತೆ. ದೇವರಿಗೆ ಸಿಟ್ಟು ಬಂದರೆ? ಅಜ್ಜಿಗೆ ಸಿಟ್ಟು ಬಂದರೆ? ಹೇಳದಿದ್ದರೆ ಸಿರುಗುಪ್ಪ.

ಅಪ್ಪ ಮೊದಲ ನಟ್ಟಿಗೆ ಪಾನಾ ಹಾಕಿ ಎಳೆದ. ನಟ್ಟು ಕಿರ್ರೆಂದಿತು.

“ಅಪ್ಪಾ, ಬಿಚ್ಚಬ್ಯಾಡ.”

“ಯಾಕವ್ವ?”

“ಟ್ಯಾಂಕಿನ್ಯಾಗ ನಾನು ಭಂಡಾರ ಹಾಕೀನಿ. ಶುಕ್ರವಾರ.”

ಅಪ್ಪನ ಕೈ ಪಾನಾದ ಮೇಲೆಯೇ ನಿಂತಿತು. ಪಂಪಿ ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ, ಬೈಗುಳವೂ ಬರಲಿಲ್ಲ. ಮತ್ತೆ ಕಿರ್ರೆಂದ ಸದ್ದು. ಕಣ್ಣು ಬಿಟ್ಟಾಗ ಅಪ್ಪ ಅದೇ ನಟ್ಟನ್ನು ತಿರುಗಿ ಬಿಗಿಮಾಡುತ್ತಿದ್ದ.

ಆಮೇಲೆ ಅವನು ಕಾರ್ಬೊರೇಟರಿನ ಕೆಳಗಿನ ಪುಟ್ಟ ಬಟ್ಟಲನ್ನು ಬಿಚ್ಚಿದ. ತಳದಲ್ಲಿ ಹಳದಿ ಕೆಸರು. ಪೆಟ್ರೋಲು ಇಂಜಿನ್ನಿಗೆ ಹೋಗುವ ಸೂಜಿಮೊನೆಯಷ್ಟು ತೂತು ಪೂರಾ ಮುಚ್ಚಿಹೋಗಿತ್ತು. ಪಂಪಿಯ ಅವ್ವನ ಹಳೆಯ ಸೀರೆಯ ತುಂಡೊಂದನ್ನು ತಂದು ಬಕೆಟ್ಟಿನ ಬಾಯಿಗೆ ಕಟ್ಟಿ, ಟ್ಯಾಂಕನ್ನೇ ಬಿಚ್ಚಿ ಬೋರಲು ಹಾಕಿದ. ಪೆಟ್ರೋಲು ಸೋಸಿ ಇಳಿಯಿತು. ಬಟ್ಟೆಯ ಮೇಲೆ ಕಲಸಿದ ಕಡ್ಲಿಹಿಟ್ಟಿನಂಥ ಮುದ್ದೆ ಉಳಿಯಿತು.

“ಎಷ್ಟು ಹಾಕಿದ್ದಿ?”

“ಒಂದು ಚಿಟಿಕಿ.”

“ಇದು ಚಿಟಿಕ್ಯಾ? ಖರೇ ಹೇಳು, ಪಂಪಿ.”

“ಚಿಟಿಕೀನ ಅಪ್ಪ.” ಪಂಪಿ ಬೆರಳುಗಳನ್ನು ಜೋಡಿಸಿ ತೋರಿಸಿದಳು. ಬಟ್ಟೆಯ ಮೇಲಿದ್ದದ್ದನ್ನು ನೋಡಿದರೆ ಅವಳಿಗೇ ತನ್ನ ಮೇಲೆ ನಂಬಿಕೆ ಬರುವಂತಿರಲಿಲ್ಲ.

ಬೇವಿನ ನೆರಳಲ್ಲಿ ಮೊರದ ಸದ್ದು ನಿಂತಿತು.

“ಆ ಹುಡುಗಿನ್ನ ಯಾಕ ಕಾಡತಿ ಮೈಲ?” ಎಂದಳು ಅಜ್ಜಿ. ಮುಖ ಜೋಳದ ಕಡೆಗೇ ಇತ್ತು. “ಚಿಟಿಕಿ ಆಕೀದು. ಮುಟಗಿ ನಂದು.” ಜೋಳ ಹಿಡಿದ ಮುಷ್ಟಿಯನ್ನು ಎತ್ತಿ ತೋರಿಸಿದಳು.

ಅಪ್ಪ ಬಟ್ಟೆಯನ್ನು ನೋಡಿದ, ತಾಯಿಯನ್ನು ನೋಡಿದ. ಅಡುಗೆಮನೆಯ ಕಿಟಕಿಯಲ್ಲಿ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

“ನೀನೂ ಹಾಕಿದ್ದೇನು ಯವ್ವಾ? ಇನ್ನ ಯಾರರ ಅದಾರೇನು?” ಎಂದ ಅಪ್ಪ. ನಗಬೇಕೋ ಬೈಯಬೇಕೋ ತಿಳಿಯದೆ ನೆಲಕ್ಕೆ ಕುಸಿದು ಕೂತ. ಆಮೇಲೆ, ಟ್ಯಾಂಕಿನ ಬಾಯಿಗೆ ಜಾಲರಿ ಹಾಕಬೇಕಿತ್ತು, ನಾಳೆ ನಾಡಿದ್ದು ಎನ್ನುತ್ತ ತಾನೂ ಬಿಟ್ಟಿದ್ದೆ ಎಂದು ಗೊಣಗಿದ.

ಕಸಬರಿಗೆಯ ಕಡ್ಡಿಯಿಂದ ತೂತು ಚುಚ್ಚಿ, ಬಾಯಿಂದ ಊದಿ, ಪೆಟ್ರೋಲು ಉಗುಳಿ, ಮತ್ತೆ ಊದಿದ. ಎಲ್ಲ ಜೋಡಿಸುವಷ್ಟರಲ್ಲಿ ನೆರಳು ಬೇಲಿ ಮುಟ್ಟಿತ್ತು.

ಮೊದಲ ಕಿಕ್ಕಿಗೆ ಏನೂ ಇಲ್ಲ. ಎರಡನೆಯದಕ್ಕೂ ಇಲ್ಲ.

ಯಾವಾಗಲೋ ಅಜ್ಜಿ ಬಂದು ಪಂಪಿಯ ಪಕ್ಕ ನಿಂತಿದ್ದಳು. ಪಂಪಿಯ ಕೈ ಅವಳ ಕೈಯಲ್ಲಿತ್ತು. ಅಜ್ಜಿ ಯಾವುದಕ್ಕೂ ಅಂಜುವವಳಲ್ಲ ಎಂದು ಪಂಪಿ ತಿಳಿದಿದ್ದಳು. ಕತ್ತಲಲ್ಲಿ ಕುರಿಹಟ್ಟಿಗೆ ಒಬ್ಬಳೇ ಹೋಗುವವಳು. ಆದರೆ ಈ ಅಂಗೈ ತಣ್ಣಗಿತ್ತು, ಬೆವೆತಿತ್ತು. ಲೆಕ್ಕದ ಪರೀಕ್ಷೆಯ ದಿನ ತನ್ನ ಕೈ ಹೀಗೇ ಇರುತ್ತದೆ.

ಮೂರನೆಯದಕ್ಕೆ ಗಾಡಿ ಕೆಮ್ಮಿತು. ನಾಲ್ಕನೆಯದಕ್ಕೆ ಡಬ್ ಡಬ್ ಡಬ್ ಎಂದಿತು. ಕೋಳಿಗಳು ಬೇಲಿ ಹಾರಿದವು. ಪಕ್ಕೀರಪ್ಪ ಎದ್ದು ನಿಂತು ನೋಡಿದ. ಅಪ್ಪ ಗಾಡಿಯನ್ನು ಓಣಿಗೆ ಇಳಿಸಿ, ಒಂದು ಸುತ್ತು ಹಾಕಿ ನೋಡುತ್ತೇನೆ ಎಂದು ಹೊರಟ.

ಸದ್ದು ದೂರವಾಯಿತು. ಸಣ್ಣದಾಯಿತು. ಆಮೇಲೆ ಕೇಳಿಸಲೇ ಇಲ್ಲ.

ಅಜ್ಜಿಯ ಬೆರಳುಗಳು ಬಿಗಿದವು. “ನಿಂತತೇನ ಪಂಪಿ?” ಎಂದಳು, ಬಹಳ ಮೆತ್ತಗೆ.

ಪಂಪಿಗೂ ಗೊತ್ತಿರಲಿಲ್ಲ. ಆದರೂ ಅವಳು ಅಜ್ಜಿಯ ಕೈಯ ಮೇಲೆ ತನ್ನ ಇನ್ನೊಂದು ಕೈ ಇಟ್ಟಳು.

“ಇಲ್ಲ ಅಜ್ಜಿ. ತಿರುವಿನ್ಯಾಗ ಹಂಗ, ಕೇಳಂಗಿಲ್ಲ. ಬರತಾನ ತಡಿ.”

ಇಬ್ಬರೂ ಓಣಿಯ ತುದಿಯತ್ತ ಕಿವಿಗೊಟ್ಟು ನಿಂತರು. ಎಷ್ಟೋ ಹೊತ್ತಾದಂತೆನಿಸಿದ ಮೇಲೆ, ಶಾಲೆಯ ಕಡೆಯಿಂದ, ಸಣ್ಣಗೆ, ಡಬ್ ಡಬ್ ಎಂದು ಕೇಳತೊಡಗಿತು.