ದಿನಾ ಕುಮಟೆಗೆ ಹೋಗುವವನು

“ನಾಳೆಯಿಂದ ನಾನು ಬೈಕಿಗೆ ಬರೂದಿಲ್ಲ” ಎಂದಳು ಮಧುರಾ.

ಸಂಜೆ ಹೊನ್ನಾವರದ ಶರಾವತಿ ಸರ್ಕಲ್ಲಿನಲ್ಲಿ ಇಳಿದು, ಹೆಲ್ಮೆಟ್ ತೆಗೆದು, ಕೆನ್ನೆಗೆ ಅಂಟಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸುತ್ತ ಹೇಳಿದಳು. ನಾಳೆ ಹಾಲು ಬೇಡ ಎಂದು ಹಾಲಿನವನಿಗೆ ಹೇಳುವಷ್ಟೇ ಹಗುರವಾಗಿ.

ಸುಜಯ ಬೈಕಿನ ಮೇಲೇ ಕಲ್ಲಾದ. “ಎಂತಕ್ಕೆ? ನಾನೇನಾದ್ರೂ...”

“ಛೆ, ನಿಮ್ದೆಂತ ತಪ್ಪಿಲ್ಲ. ಎಂಟೂಕಾಲಿಗೆ ಕುಮಟೆಗೆ ಹೊಸ ಬಸ್ ಬಿಟ್ಟಿದಾರೆ. ನಾವು ಹತ್ತಿದ್ರೂ ಹೋಗ್ತದೆ, ಹತ್ತದಿದ್ರೂ ಹೋಗ್ತದೆ. ಮತ್ತೆ ನಮ್ಮ ಪೆಟ್ರೋಲ್ ಸುಡೂದು ಯಾಕೆ? ನೀವೂ ಬನ್ನಿ.”

“ಆತು, ಬರ್ತೆ” ಎಂದ. ಎದೆಯೊಳಗೆ ಯಾರೋ ಅವಲಕ್ಕಿ ಕುಟ್ಟುತ್ತಿದ್ದರು. ಏಕೆಂದರೆ ಸುಜಯನಿಗೆ ಕುಮಟೆಯಲ್ಲಿ ಯಾವ ಕೆಲಸವೂ ಇರಲಿಲ್ಲ.

ಅವನ ಕೆಲಸ ಇದ್ದದ್ದು ಹೊನ್ನಾವರದಲ್ಲೇ, ಇಂಜಿನಿಯರ್ ದೇವರಾಜರ ಆಫೀಸಿನಲ್ಲಿ. ಮಂದಿ ಕಟ್ಟಿಸುವ ಮನೆಗಳಿಗೆ ಕಂಪ್ಯೂಟರಿನಲ್ಲಿ ಪ್ಲ್ಯಾನ್ ಮಾಡಿಕೊಡುತ್ತಿದ್ದ. ಹಾಗಿರುವವನು ದಿನಾ ಕುಮಟೆಗೆ ಹೋಗುವವನಾದದ್ದು ಮೀನು ಮಾರ್ಕೆಟ್ಟಿನಿಂದ. ಮಳೆಗಾಲ ಮುಗಿದ ಹೊಸತರಲ್ಲಿ ಒಂದು ಭಾನುವಾರ, ಅವನ ಪಕ್ಕದಲ್ಲಿ ನಿಂತ ಹುಡುಗಿಯೊಬ್ಬಳು ಮೀನಿನವಳು ಚಾಚಿದ ಪ್ಲಾಸ್ಟಿಕ್ ಕವರನ್ನು ಬೇಡವೆಂದು, ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಬಂಗುಡೆ ಹಾಕಿಸಿಕೊಂಡಳು. ಹಾಗೇ ಓರೆಗಣ್ಣಿನಿಂದ ಸುಜಯನ ಕೈಯಲ್ಲಿದ್ದ ಕಪ್ಪು ಕವರನ್ನು ನೋಡಿದಳು. ಮಾತಿಲ್ಲ, ಬರೀ ಒಂದು ನೋಟ, ಅದರ ಕೊನೆಗೆ ಚೂರು ನಗು. ಸುಜಯ ಕವರನ್ನು ಬೆನ್ನ ಹಿಂದೆ ಅಡಗಿಸಿದ. ಮೀನಿನ ನೀರು ಪ್ಯಾಂಟಿಗೆ ಇಳಿದದ್ದು ಮನೆಗೆ ಹೋಗಿ ತಾಯಿ ಬೈದಾಗಲೇ ಗೊತ್ತಾದದ್ದು.

ಆಮೇಲೆ ಅವರಿವರನ್ನು ವಿಚಾರಿಸಿ, ಅವಳಿದ್ದ ‘ಹಸಿರು ಹೊನ್ನಾವರ’ ಎಂಬ ಪರಿಸರದ ವಾಟ್ಸಾಪ್ ಗ್ರೂಪಿಗೆ ಸೇರಿದ. ಅವಳು ಮಧುರಾ, ಪ್ರಭಾತನಗರದವಳು, ಕುಮಟೆಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು ಎಂದು ಗೊತ್ತಾಯಿತು. ಒಂದು ದಿನ ಅವಳೇ ಗ್ರೂಪಿನಲ್ಲಿ ಕೇಳಿದಳು: “ನನ್ನ ಸ್ಕೂಟಿ ನಿಲ್ಲಿಸ್ಬೇಕು ಅಂತ ಮಾಡಿದ್ದೆ. ದಿನಾ ಕುಮಟೆಗೆ ಬೈಕಲ್ಲಿ ಒಬ್ಬರೇ ಹೋಗುವವರು ಯಾರಾದ್ರೂ ಇದ್ದೀರಾ?”

“ನಾನು ಹೋಗ್ತೆ.” ಬೆರಳು ಬರೆದು ಕಳಿಸಿಯಾದ ಮೇಲೆ ತಲೆ ಓಡಿತು.

ಅಲ್ಲಿಂದ ಶುರು ಅವನ ಪಾಡು. ಬೆಳಿಗ್ಗೆ ಅವಳನ್ನು ಕುಮಟೆಗೆ ಬಿಟ್ಟು, ಬೈಕ್ ತಿರುಗಿಸಿ, ಬಿದ್ದೆನೋ ಎದ್ದೆನೋ ಎಂದು ಹೊನ್ನಾವರಕ್ಕೆ ಓಡುವುದು. ಸಂಜೆ ಆಫೀಸು ಮುಗಿಸಿ ಮತ್ತೆ ಕುಮಟೆಗೆ ಹೋಗಿ, ಆಗಷ್ಟೇ ಪಕ್ಕದ ಬೀದಿಯ ಕೆಲಸದಿಂದ ಬಂದವನಂತೆ ಕರ್ಚೀಫಿನಿಂದ ಮುಖ ಒರೆಸಿಕೊಂಡು ನಿಲ್ಲುವುದು. ದಾರಿಯುದ್ದಕ್ಕೂ ಅವಳು ಹಿಂದಿನಿಂದ ಮಾತಾಡುತ್ತಿದ್ದಳು. ಗಾಳಿಗೆ ಅರ್ಧ ಮಾತು ಹಾರಿಹೋಗುತ್ತಿತ್ತು. ಹಳದೀಪುರದ ಹತ್ತಿರ ಸ್ಪೀಡ್ ಬ್ರೇಕರ್ ಬಂದಾಗ ಅವಳ ಕೈ ಒಂದು ಕ್ಷಣ ಅವನ ಭುಜಕ್ಕೆ ತಾಗುತ್ತಿತ್ತು. ಆ ಒಂದು ಕ್ಷಣಕ್ಕಾಗಿ ಅವನು ಹೈವೇಯ ಸಕಲ ಟ್ಯಾಂಕರುಗಳನ್ನೂ ಕ್ಷಮಿಸುತ್ತಿದ್ದ.

ತಮಾಷೆಯೆಂದರೆ, ಮಿಕ್ಕ ಎಲ್ಲದರಲ್ಲೂ ಅವನು ನಿಜವಾಗಿಯೇ ಬದಲಾಗಿದ್ದ. ಜೇಬಿನಲ್ಲಿ ಬಟ್ಟೆ ಚೀಲ ಬಂತು. ಬಾಟಲಿ ನೀರು ಕೊಳ್ಳುವುದು ನಿಂತಿತು. ಕೋಣೆಯಿಂದ ಹೊರಗೆ ಬರುವಾಗ ಫ್ಯಾನ್ ಆರಿಸುವ ಮಗನನ್ನು ಕಂಡು ತಾಯಿ, “ಇವನಿಗೆ ಎಂತ ಆತು?” ಎಂದು ಗಾಬರಿಯಾದರು. ಅವನ ಸುಳ್ಳು ಒಂದೇ ಒಂದು. ಆದರೆ ಅದು ನಲವತ್ತು ಕಿಲೋಮೀಟರ್ ಉದ್ದದ್ದು, ಅದೂ ದಿನಕ್ಕೆ ಎರಡು ಸಲ.

ಅಷ್ಟರಲ್ಲಿ ಮಧುರಾ ಬೇರೆ ಹೇಳಿದ್ದಳು, “ನಮ್ಮ ಲ್ಯಾಬಲ್ಲಿ ಇಬ್ಬರು ನಿಮ್ಮನ್ನ ನೋಡಿ ಒಂದೇ ಗಾಡೀಲಿ ಬರೂಕೆ ಶುರು ಮಾಡಿದಾರೆ. ನಿಮ್ಮಂಥವರು ಸಿಗೂದು ಅಪರೂಪ.” ನಿಜ ಹೇಳಿಬಿಡಬೇಕು ಎಂದು ಸುಜಯ ದಿನಾ ಹೊರಡುತ್ತಿದ್ದ. ಅವಳ ಮುಖ ಕಂಡ ಕೂಡಲೇ ನಾಳೆ ಹೇಳೋಣ ಅನ್ನಿಸುತ್ತಿತ್ತು.

ಈಗ ಬಸ್ಸು ಬಂದಿತ್ತು. ಸುಜಯ ಬಸ್ಸನ್ನೂ ಹತ್ತಿದ.

ಬೈಕಿನಲ್ಲಾದರೆ ಅವಳ ಮುಖ ಕನ್ನಡಿಯಲ್ಲಿ ಚೂರು ಕಾಣುತ್ತಿತ್ತು. ಇಲ್ಲಿ ಪಕ್ಕದಲ್ಲೇ ಇಡೀ ಮುಖ. ಅವಳು ಕಿಟಕಿಯಾಚೆ ನೋಡುವಾಗ ಇವನು ಅವಳನ್ನು ನೋಡುವುದು, ಅವಳು ತಿರುಗಿದಾಗ ಬಸ್ಸಿನ ಸೂರು ನೋಡುವುದು. “ಮೇಲೆ ಎಂತ ಬರ್ದಿದಾರೆ?” ಎಂದು ಅವಳು ಕೇಳಿದಳು. ಕಣ್ಣಲ್ಲಿ ಅದೇ ಮೀನು ಮಾರ್ಕೆಟ್ಟಿನ ತುಂಟತನ.

ಆದರೆ ಬಸ್ಸು ಬೈಕಲ್ಲ, ಅವನ ಅವಸರ ಅದಕ್ಕೆ ತಿಳಿಯದು. ಕುಮಟೆಯಲ್ಲಿ ಇಳಿದು, ಅವಳು ಮರೆಯಾಗುವ ತನಕ ಕಾದು, ವಾಪಸು ಹೊರಟ ಅದೇ ಬಸ್ಸು ಹತ್ತಿದರೂ ಆಫೀಸು ಸೇರುವಾಗ ಹತ್ತೂವರೆ ದಾಟುತ್ತಿತ್ತು. “ಮದುವೆ ಆದವರೇ ನಿನಗಿಂತ ಬೇಗ ಬರ್ತಾರೆ ಮಾರಾಯ” ಎಂದರು ದೇವರಾಜ. ಮಾರನೆಯ ದಿನ ಅಷ್ಟನ್ನೂ ಹೇಳದೆ ಗಡಿಯಾರ ನೋಡಿದರು. ಸುಜಯನಿಗೆ ಊಟ ರುಚಿಸಲಿಲ್ಲ, ಪ್ಲ್ಯಾನಿನಲ್ಲಿ ಯಾರದ್ದೋ ಅಡುಗೆಮನೆಗೆ ಬಾಗಿಲು ಇಡುವುದನ್ನೇ ಮರೆತ.

ಗುಟ್ಟು ಒಡೆದದ್ದು ಗುರುವಾರ. ಕರ್ಕಿ ಸೇತುವೆ ದಾಟಿತ್ತು. ಕಂಡಕ್ಟರ್ ಉಮೇಶಣ್ಣ ಮಧುರಾಳ ಆಧಾರ್ ಕಾರ್ಡು ನೋಡಿ ಅವಳ ಫ್ರೀ ಟಿಕೆಟ್ ಹರಿದುಕೊಟ್ಟು, ಸುಜಯನ ಕಡೆ ತಿರುಗಿದ.

“ನಿಂಗೆ ವಾಪಸು ಬರೂ ಟಿಕೆಟೂ ಈಗ್ಲೇ ಕೊಡ್ಲಾ? ಹೆಂಗೂ ಕುಮಟೆಲಿ ಇಳ್ದ ಹಾಗೆ ಮಾಡಿ ಮತ್ತೆ ಹತ್ತುವವ ಅಲ್ದಾ ನೀನು?”

ಪಾಪ, ಅವನು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಚಿಲ್ಲರೆ ಕೊಟ್ಟು ಮುಂದೆ ಹೋದ.

ಮಧುರಾ ನಿಧಾನವಾಗಿ ತಿರುಗಿದಳು. “ನಿಮ್ಮ ಆಫೀಸು ಎಲ್ಲಿ?”

“ಹೊನ್ನಾವರ.”

“ಬೈಕಿದ್ದಾಗ?”

“ಆಗ್ಲೂ ಹೊನ್ನಾವರವೇ.”

“ಸಂಜೆ?”

“ಸಂಜೆ... ಅಲ್ಲಿಂದ್ಲೇ ಬರ್ತಿದ್ದೆ.”

ಅವಳು ಲೆಕ್ಕ ಹಾಕುವುದು ಮುಖದಲ್ಲಿ ಕಂಡಿತು. “ಅಂದ್ರೆ ನಾನು ಸ್ಕೂಟಿ ನಿಲ್ಲಿಸಿ ಉಳಿಸಿದ್ದರ ಎರಡು ಪಾಲು ನೀವು ಸುಟ್ರಿ. ನಾನು ಊರಿಗೆಲ್ಲ ಹೇಳ್ಕಂಡು ತಿರುಗ್ದೆ.” ಕೈಯಲ್ಲಿದ್ದ ಟಿಕೆಟನ್ನು ಮುದ್ದೆ ಮಾಡಿದಳು. “ನನ್ನ ನೋಡಿ ಒಳಗೊಳಗೇ ನಗ್ತಿದ್ರಾ?”

“ದೇವರಾಣೆ ಇಲ್ಲ.”

“ನಾಳೆಯಿಂದ ಕುಮಟೆಗೆ ಬರಬೇಡಿ.”

ಧಾರೇಶ್ವರ, ಹಂದಿಗೋಣ ಎಲ್ಲ ದಾಟುವವರೆಗೂ ಅವಳು ಕಿಟಕಿಯಾಚೆಯೇ ನೋಡುತ್ತಿದ್ದಳು. ಕುಮಟೆಯಲ್ಲಿ ಅವಳು ತಿರುಗಿ ನೋಡದೆ ಇಳಿದಳು. ಸುಜಯ ಕೂತಲ್ಲೇ ಕೂತ. ಆವತ್ತು ಇಳಿದಂತೆ ಮಾಡುವ ಕೆಲಸ ಇರಲಿಲ್ಲ.

ಆ ಹಗಲು ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮೆಸೇಜ್ ಬರೆದ, ಅಳಿಸಿದ. ಬೈಕಿನ ಕೀಲಿ ಕೈಗೆ ತೆಗೆದುಕೊಂಡ, ಬರಬೇಡಿ ಎಂದ ಅವಳ ಮುಖ ನೆನಪಾಗಿ ಕೆಳಗಿಟ್ಟ. ಅವಳನ್ನು ಕಳೆದುಕೊಂಡೆ ಎಂಬುದಕ್ಕಿಂತ, ತನ್ನಿಂದಾಗಿ ಅವಳಿಗೆ ನಾಚಿಕೆಯಾಯಿತಲ್ಲ ಎಂಬುದೇ ಹೆಚ್ಚು ಸುಡುತ್ತಿತ್ತು. ಆಫೀಸು ಮುಗಿದ ಮೇಲೆ ಕಾಲು ತಾನಾಗಿ ಹೊನ್ನಾವರದ ಬಸ್‌ಸ್ಟ್ಯಾಂಡಿಗೆ ನಡೆಯಿತು. ಬೈದರೆ ಬೈಯಲಿ, ಇರುವುದನ್ನು ಇದ್ದ ಹಾಗೆ ಹೇಳಿ ಬರುವುದು ಎಂದು ಗಟ್ಟಿ ಮಾಡಿಕೊಂಡ.

ಕುಮಟೆಯಿಂದ ಒಂದು ಬಸ್ಸು ಬಂತು, ಅವಳಿಲ್ಲ. ಇನ್ನೊಂದು ಬಂತು, ಅದರಲ್ಲೂ ಇಲ್ಲ. ಮೂರನೆಯದರಿಂದ ಇಳಿದವಳು ಅವನನ್ನು ಕಂಡು ನಿಂತಳು. ಮುಖ ಗಂಟಿಕ್ಕಿಯೇ ಇತ್ತು.

“ಬೈಕೆಲ್ಲಿ?”

“ಮನೇಲಿ. ನಡ್ಕಂಡು ಬಂದೆ.” ಉಸಿರು ಎಳೆದುಕೊಂಡ. “ನಿಮ್ಮನ್ನ ನೋಡಿ ನಾನು ಯಾವತ್ತೂ ನಗಲಿಲ್ಲ. ನೀವಂದ್ರೆ ನಂಗೆ ಇಷ್ಟ. ಹೇಳೂಕೆ ಹೆದರಿಕೆ ಆತು. ನಿಮ್ಮ ಜೊತೆ ಇರೂಕೆ ಸಿಕ್ಕಿದ್ದು ಅದೊಂದೇ ದಾರಿ, ಹಿಡ್ಕಂಡೆ. ಪರಿಸರ ಎಲ್ಲ ಆಮೇಲೆ ನೆನಪಾದದ್ದು.”

“ಪರಿಸರ ಆಮೇಲಾ?” ಅವಳ ಹುಬ್ಬು ಮೇಲೆ ಹೋಯಿತು.

“ಅಲ್ಲ ಅಲ್ಲ, ಈಗ ಮೊದ್ಲೇ” ಎಂದು ತಡವರಿಸಿದ.

ಅವಳು ಕೆಳತುಟಿ ಕಚ್ಚಿಕೊಂಡಳು. ನಗು ಬರಬಾರದೆಂದು ಹಟ ಹಿಡಿದವಳಂತೆ ಆಚೆ ಈಚೆ ನೋಡಿದಳು, ಸಾಗಲಿಲ್ಲ. ನಕ್ಕೇಬಿಟ್ಟಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

“ಬೆಳಗ್ಗಿಂದ ಬೈಯೂಕೆ ಎಷ್ಟು ಮಾತು ಸೇರ್ಸಿಟ್ಟಿದ್ದೆ ಗೊತ್ತುಂಟಾ? ಮಧ್ಯಾಹ್ನ ಊಟ ಮಾಡುವಾಗ ಒಂದು ವಿಷಯ ಹೊಳೀತು, ಎಲ್ಲ ಮರ್ತೇಹೋಯ್ತು.”

“ಎಂತ ವಿಷಯ?”

“ನಾನು ಇದೇ ಊರವಳು. ದಿನಾ ಸಂಜೆ ಇಲ್ಲಿಗೇ ಬರ್ತೆ. ನನ್ನ ನೋಡೂಕೆ ನೀನು ಕುಮಟೆಗೆ ಹೋಗೂದು ಯಾವತ್ತೂ ಬೇಕಿರ್ಲಿಲ್ಲ.”

ಇಷ್ಟು ದಿನ ಇದು ಸುಜಯನ ತಲೆಗೆ ಹೊಳೆದೇ ಇರಲಿಲ್ಲ. ಅವಳು ‘ನೀನು’ ಅಂದದ್ದು ಕಿವಿಯಿಂದ ಎದೆಗಿಳಿಯಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

ಇಬ್ಬರೂ ಹೊರಟರು. ಪ್ರಭಾತನಗರದ ತಿರುವು ಬಂದಾಗ ಅವಳು ಆ ಕಡೆ ತಿರುಗದೆ ಬಂದರಿನ ರಸ್ತೆ ಹಿಡಿದಳು.

“ಇದು ಸುತ್ತು ದಾರಿ ಅಲ್ದಾ?” ಎಂದ ಸುಜಯ.

“ಇರ್ಲಿ” ಎಂದಳು ಮಧುರಾ, ಅವನ ಕಿರುಬೆರಳು ಹಿಡಿದುಕೊಂಡು. “ನಡ್ಕಂಡು ಹೋಗುವವರು ಎಷ್ಟು ಸುತ್ತಿದ್ರೂ ಆತು.”